ಬಿಡಿಯನ್ನು ಬಿಡಬಹುದೇ?



ಪ್ರಾಥಮಿಕ ಶಾಲೆಯ ಗಣಿತ ಪುಸ್ತಕದಲ್ಲಿ ಎರಡು ಪದಗಳು ಜೊತೆಯಾಗಿಯೇ ಬರುತ್ತವೆ: ಮುಖಬೆಲೆ ಮತ್ತು ಸ್ಥಾನಬೆಲೆ. ೫೫೫ ಎಂದು ಬರೆದಾಗ ಮೂರು ಮನೆಗಳಲ್ಲಿಯೂ ಇರುವುದು ಅದೇ ಐದು. ಅದರ ಮುಖಬೆಲೆ ಎಲ್ಲ ಕಡೆಯೂ ಐದೇ. ಆದರೆ ಸ್ಥಾನಬೆಲೆ ಹಾಗಲ್ಲ. ಬಲತುದಿಯ ಐದಕ್ಕೆ ಬರೀ ಐದು, ನಡುವಿನದಕ್ಕೆ ಐವತ್ತು, ಎಡತುದಿಯದಕ್ಕೆ ಐನೂರು. ಮಕ್ಕಳು ಇದನ್ನು ಕೆಲವೇ ದಿನಗಳಲ್ಲಿ ಕಲಿತು ಮುಂದಿನ ಪಾಠಕ್ಕೆ ಹೋಗುತ್ತಾರೆ. ದೊಡ್ಡವರಾದ ನಮಗೆ ಮಾತ್ರ ಈ ಪಾಠ ಮುಗಿಯುವುದೇ ಇಲ್ಲ. ಏಕೆಂದರೆ ಅಂಕಿಗಳಿಗೆ ಕಟ್ಟಿದ ಈ ಎರಡು ಬೆಲೆಗಳನ್ನು ನಾವು ಮನುಷ್ಯರಿಗೂ ದಿನನಿತ್ಯ ಕಟ್ಟುತ್ತಿರುತ್ತೇವೆ.

ಒಬ್ಬ ಮನುಷ್ಯನ ಬೆಲೆ ಅವನಲ್ಲಿದೆಯೋ, ಅವನು ಕುಳಿತ ಜಾಗದಲ್ಲಿದೆಯೋ? ಇದು ಹಳೆಯ ಪ್ರಶ್ನೆ. ಕನ್ನಡದಲ್ಲಂತೂ 'ಸ್ಥಾನಮಾನ' ಎಂಬ ಒಂದೇ ಪದದಲ್ಲಿ ಸ್ಥಾನದ ಬೆನ್ನಿಗೇ ಮಾನ ಅಂಟಿಕೊಂಡು ಬಂದಿದೆ. ಸ್ಥಾನ ಹೋದರೆ ಮಾನವೂ ಹೋಯಿತು ಎಂದುಕೊಳ್ಳುವುದು ನಮಗೆ ಅಷ್ಟು ಸಹಜ. ಅಂಕಿಗಳ ಲೋಕದಲ್ಲಿ ಈ ವಿಷಯ ಹೇಗಿದೆ ಎಂದು ಸ್ವಲ್ಪ ನಿಧಾನವಾಗಿ ನೋಡಿದರೆ ನಮ್ಮ ಲೋಕದ ಬಗ್ಗೆಯೂ ಕೆಲವು ಮಾತು ಹೊಳೆಯುತ್ತವೆ.

ಸ್ಥಾನಕ್ಕೆ ಬೆಲೆ ಕೊಡುವ ಈ ಬರವಣಿಗೆ ಎಲ್ಲ ಕಾಲಕ್ಕೂ, ಎಲ್ಲ ದೇಶಕ್ಕೂ ಇರಲಿಲ್ಲ. ಅನೇಕ ದೇವಾಲಯಗಳಲ್ಲಿ ಶಿಲುಬೆ ಹಾದಿಯ ಹದಿನಾಲ್ಕು ಚಿತ್ರಗಳ ಕೆಳಗೆ ರೋಮನ್ ಅಂಕಿಗಳನ್ನು ನಾವು ನೋಡುತ್ತೇವೆ. ಅಲ್ಲಿ ಹತ್ತಕ್ಕೆ ಇರುವ ಗುರುತು ಎಲ್ಲಿ ಕುಳಿತರೂ ಹತ್ತೇ. ಐದರ ಗುರುತು ಎಲ್ಲಿದ್ದರೂ ಐದೇ. ಚಿಕ್ಕದು ದೊಡ್ಡದರ ಎಡಕ್ಕೆ ಬಂದರೆ ಕಳೆಯಬೇಕು, ಬಲಕ್ಕೆ ಬಂದರೆ ಕೂಡಬೇಕು ಎಂಬಷ್ಟೇ ನಿಯಮ. ನೂರಕ್ಕೆ ಬೇರೆ ಗುರುತು ಬೇಕು, ಸಾವಿರಕ್ಕೆ ಇನ್ನೊಂದು ಬೇಕು. ೧೮೮೮ ಎಂದು ನಾವು ನಾಲ್ಕು ಅಂಕಿಗಳಲ್ಲಿ ಬರೆಯುವ ಇಸವಿಯನ್ನು ರೋಮನ್ ಕ್ರಮದಲ್ಲಿ ಬರೆಯಲು ಹದಿಮೂರು ಗುರುತುಗಳು ಬೇಕಾಗುತ್ತವೆ. ನಮ್ಮ ನೆರೆಯ ತಮಿಳು ಮತ್ತು ಮಲಯಾಳಂ ಭಾಷೆಗಳ ಹಳೆಯ ಬರಹಗಳಲ್ಲಿಯೂ ಹತ್ತು, ನೂರು, ಸಾವಿರಗಳಿಗೆ ಪ್ರತ್ಯೇಕ ಗುರುತುಗಳಿದ್ದವು.

ಕ್ರಿ.ಶ. ೪೯೯ರ ಹೊತ್ತಿಗೆ ಆರ್ಯಭಟ, ಒಂದು ಸ್ಥಾನದಿಂದ ಮುಂದಿನ ಸ್ಥಾನಕ್ಕೆ ಹೋದಾಗ ಬೆಲೆ ಹತ್ತರಷ್ಟಾಗುತ್ತದೆ ಎಂಬ ನಿಯಮವನ್ನು ಹೇಳಿದ್ದ. ೬೨೮ರಲ್ಲಿ ಬ್ರಹ್ಮಗುಪ್ತ ಸೊನ್ನೆಯನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಬರೆದ. ಅದಾಗಿ ಕೆಲವು ದಶಕಗಳಲ್ಲೇ, ೬೬೨ರಲ್ಲಿ, ಬಹಳ ದೂರದ ಒಬ್ಬ ಧರ್ಮಾಧ್ಯಕ್ಷರು ಈ ವಿದ್ಯೆಯನ್ನು ನೆನೆದರು. ಅವರ ಹೆಸರು ಸೆವೆರಸ್ ಸೆಬೋಖ್ತ್. ಯೂಫ್ರೆಟಿಸ್ ನದಿಯ ದಡದ ಕೆನ್ನೆಶ್ರೆ ಮಠದಲ್ಲಿದ್ದ ಸಿರಿಯಾಕ್ ವಿದ್ವಾಂಸರು ಅವರು. ಒಂಬತ್ತೇ ಗುರುತುಗಳಿಂದ ಎಲ್ಲ ಲೆಕ್ಕವನ್ನೂ ಮಾಡುವ ಭಾರತೀಯರ ಜಾಣ್ಮೆಯನ್ನು ಅವರು ಹೊಗಳಿದರು. ಭಾರತದ ಹೊರಗೆ ಈ ಅಂಕಿಗಳ ಬಗ್ಗೆ ಸಿಕ್ಕಿರುವ ಬಹಳ ಹಳೆಯ ಮಾತುಗಳಲ್ಲಿ ಇದೂ ಒಂದು.

ಸೆಬೋಖ್ತರು ಆ ಮಾತು ಹೇಳಿದ ಸಂದರ್ಭವನ್ನು ಗಡಿನಾಡಿನ ಕನ್ನಡಿಗರಾದ ನಾವು ಗಮನಿಸಬೇಕು. ಆಗ ಆ ಸೀಮೆಯಲ್ಲಿ ವಿದ್ಯೆಯ ದೊಡ್ಡ ಭಾಷೆ ಗ್ರೀಕ್. ತಾವು ಗ್ರೀಕ್ ಮಾತಾಡುತ್ತೇವೆ ಎಂಬ ಒಂದೇ ಕಾರಣಕ್ಕೆ ಎಲ್ಲ ಅರಿವೂ ತಮ್ಮಲ್ಲೇ ಮುಗಿದಿದೆ ಎಂದು ಬೀಗುವವರು ಇದ್ದರು. ಸಿರಿಯಾಕ್ ಭಾಷೆಯಲ್ಲಿ ಬರೆಯುತ್ತಿದ್ದ ಈ ಧರ್ಮಾಧ್ಯಕ್ಷರು ಅವರಿಗೆ ಉತ್ತರವಾಗಿ, ಬೇರೆ ನುಡಿಯ ಜನರಿಗೂ ತಿಳಿವಳಿಕೆ ಇದೆ ಎಂದು ತೋರಿಸಲು, ನಮ್ಮ ನಾಡಿನ ಅಂಕಿಗಳನ್ನು ಮುಂದಿಟ್ಟರು. ಸ್ಥಾನಬೆಲೆಯ ವಿದ್ಯೆ ಪಶ್ಚಿಮದ ಕಡೆ ಹೊರಟಾಗಲೇ ಅದರ ಜೊತೆಯಲ್ಲಿ ಭಾಷೆಗಳ ಸ್ಥಾನಮಾನದ ಪ್ರಶ್ನೆಯೂ ಹೊರಟಿತ್ತು ಎಂದಾಯಿತು.

ಹತ್ತನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ರೀಮ್ಸ್ ನಗರದಲ್ಲಿ ಪಾಠ ಹೇಳುತ್ತಿದ್ದ ಗೆರ್ಬರ್ಟ್ ಎಂಬ ಗುರುಗಳು ಈ ಒಂಬತ್ತು ಅಂಕಿಗಳನ್ನು ಬಿಲ್ಲೆಗಳ ಮೇಲೆ ಬರೆಸಿ, ಮನೆ ಮನೆಯಾಗಿ ಗೆರೆ ಎಳೆದ ಲೆಕ್ಕದ ಹಲಗೆಯ ಮೇಲೆ ಇಟ್ಟು ಕಲಿಸಿದರು. ಅದೇ ಗೆರ್ಬರ್ಟ್ ೯೯೯ರಲ್ಲಿ ಎರಡನೆಯ ಸಿಲ್ವೆಸ್ಟರ್ ಎಂಬ ಹೆಸರಿನಿಂದ ಜಗದ್ಗುರುವಾದರು. ಅವರ ಹಲಗೆಯಲ್ಲಿ ಸೊನ್ನೆಗೆ ಬಿಲ್ಲೆ ಇರಲಿಲ್ಲ. ಆ ಮನೆ ಸುಮ್ಮನೆ ಖಾಲಿ ಇರುತ್ತಿತ್ತು. ೧೨೦೨ರಲ್ಲಿ ಪೀಸಾ ನಗರದ ಲಿಯೊನಾರ್ಡೊ ಎಂಬಾತ, ಅಂದರೆ ಇಂದು ನಾವು ಫಿಬೊನಾಚಿ ಎಂದು ಕರೆಯುವ ಗಣಿತಜ್ಞ, ಸೊನ್ನೆಯ ಸಮೇತ ಈ ಕ್ರಮವನ್ನು ದೊಡ್ಡ ಪುಸ್ತಕದಲ್ಲಿ ವಿವರಿಸಿದ.

ಇಷ್ಟು ಇತಿಹಾಸ ಸಾಕು. ಈಗ ವಿಚಾರಕ್ಕೆ ಬರೋಣ.

ಮೊದಲನೆಯದು: ಸ್ಥಾನ ಅಂಕಿಯ ಸೊತ್ತಲ್ಲ. ನೂರರ ಮನೆಯಲ್ಲಿ ಕುಳಿತ ಐದು ಐನೂರಾಗಿ ಮೆರೆಯುತ್ತದೆ ನಿಜ. ಆದರೆ ಆ ಹೆಚ್ಚಿನ ಬೆಲೆ ಅದಕ್ಕೆ ಬಂದದ್ದು ತನ್ನ ಬಲಕ್ಕೆ ಇನ್ನೆರಡು ಮನೆಗಳು ಇರುವುದರಿಂದ. ಬಲಗಡೆಯ ಎರಡನ್ನೂ ಅಳಿಸಿಬಿಡಿ. ಐನೂರು ಕೂಡಲೇ ಬರೀ ಐದಾಗುತ್ತದೆ. ಪಾಲನಾ ಸಮಿತಿಯ ಕಾರ್ಯದರ್ಶಿಯಾಗಲಿ, ಸಂಘದ ಅಧ್ಯಕ್ಷರಾಗಲಿ, ಊರಿನ ಪಂಚಾಯಿತಿ ಸದಸ್ಯರಾಗಲಿ, ಅವರ ಮಾತಿಗೆ ಇರುವ ತೂಕ ಅವರ ಬಲಗಡೆ ನಿಂತ ಜನರಿಂದ ಬಂದದ್ದು. ಅವಧಿ ಮುಗಿದು ಅವರು ಬಿಡಿಯ ಮನೆಗೆ ಮರಳಿದಾಗ ಕಳೆದುಹೋಗುವುದು ಸ್ಥಾನಬೆಲೆ ಮಾತ್ರ. ಮುಖಬೆಲೆ ಎಲ್ಲಿಗೂ ಹೋಗಿರುವುದಿಲ್ಲ. ಅದನ್ನು ಅವರೂ ಮರೆಯಬಾರದು, ಅವರಿಗೆ ನಮಸ್ಕಾರ ಹೇಳುವುದನ್ನು ನಿಲ್ಲಿಸುವ ನಾವೂ ಮರೆಯಬಾರದು.

ಹಾಗಾದರೆ ಸ್ಥಾನಗಳೇ ಬೇಡ, ಎಲ್ಲರೂ ಒಂದೇ ಸಾಲಿನಲ್ಲಿ ಇರೋಣ ಎನ್ನಬಹುದಲ್ಲ? ಅದು ನಡೆಯುವ ಮಾತಲ್ಲ. ಸ್ಥಾನಗಳಿಲ್ಲದೆ ಬರೆಯಬೇಕೆಂದರೆ ಐನೂರು ಜನರಿಗೆ ಐನೂರು ಗೆರೆ ಎಳೆಯಬೇಕು. ಹತ್ತು ಬಿಡಿಗಳು ಸೇರಿ ಒಂದು ಕಟ್ಟಾಗದಿದ್ದರೆ ಯಾವ ದೊಡ್ಡ ಕೆಲಸವೂ ಆಗದು. ಮನೆ ಮನೆಗಳು ಸೇರಿ ವಾಳೆಯಾಗಿ, ವಾಳೆಗಳು ಸೇರಿ ಧರ್ಮಕೇಂದ್ರವಾಗಿ, ಧರ್ಮಕೇಂದ್ರಗಳು ಸೇರಿ ಧರ್ಮಪ್ರಾಂತ್ಯವಾಗುವುದು ಹೀಗೆಯೇ. ಸ್ಥಾನ ಎಂಬುದು ಕೆಟ್ಟದ್ದಲ್ಲ. ಆದರೆ ಅದರಲ್ಲಿ ಅಪಾಯವಿದೆ. ೧೨೯೯ರಲ್ಲಿ ಫ್ಲಾರೆನ್ಸ್ ನಗರದ ಹಣ ವಿನಿಮಯದವರ ಸಂಘ ತನ್ನ ಸದಸ್ಯರು ಲೆಕ್ಕದ ಪುಸ್ತಕದಲ್ಲಿ ಈ ಹೊಸ ಅಂಕಿಗಳನ್ನು ಬಳಸಬಾರದು, ಅಕ್ಷರದಲ್ಲೇ ಬರೆಯಬೇಕು ಎಂದು ಕಟ್ಟಳೆ ಮಾಡಿತ್ತು. ಸ್ಥಾನಬೆಲೆಯ ಬರಹದಲ್ಲಿ ಒಂದು ಸೊನ್ನೆ ಸೇರಿಸಿದರೆ ಹತ್ತು ನೂರಾಗುತ್ತದೆ. ಮೋಸಕ್ಕೆ ಅಷ್ಟು ಸಲೀಸು. ಇಂದಿಗೂ ನಾವು ಚೆಕ್ಕಿನಲ್ಲಿ ಮೊತ್ತವನ್ನು ಅಂಕಿಯ ಜೊತೆಗೆ ಅಕ್ಷರದಲ್ಲೂ ಬರೆದು, ಕೊನೆಗೆ 'ಮಾತ್ರ' ಎಂದು ಸೇರಿಸುತ್ತೇವೆ. ಸ್ಥಾನದಲ್ಲಿ ಕುಳಿತ ಪ್ರತಿಯೊಬ್ಬರೂ ತಮ್ಮ ಹೆಸರಿನ ಮುಂದೆ ಮನಸ್ಸಿನಲ್ಲಾದರೂ ಬರೆದುಕೊಳ್ಳಬೇಕಾದ ಪದ ಇದು.

ಎರಡನೆಯದು ಸೊನ್ನೆಯ ಮಾತು. ಎಷ್ಟು ಸೊನ್ನೆ ಇಟ್ಟರೂ ಅವುಗಳ ಮುಂದೆ ಒಂದು ಇಲ್ಲದಿದ್ದರೆ ಬೆಲೆಯಿಲ್ಲ ಎಂಬ ದೃಷ್ಟಾಂತವನ್ನು ಪ್ರಬೋಧನೆಗಳಲ್ಲಿ ನಾವು ಅನೇಕ ಸಲ ಕೇಳಿದ್ದೇವೆ. ಅದು ಸರಿಯೇ. ಆದರೆ ಅದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ೨೦೭ ಎಂಬ ಸಂಖ್ಯೆಯಲ್ಲಿ ನಡುವಿನ ಸೊನ್ನೆಗೆ ತನ್ನದೆಂಬ ಬೆಲೆಯೇ ಇಲ್ಲ. ಹಾಗೆಂದು ಅದನ್ನು ತೆಗೆದುಬಿಟ್ಟರೆ ಉಳಿಯುವುದು ೨೭. ಏನೂ ಅಲ್ಲದ್ದನ್ನು ತೆಗೆದದ್ದಕ್ಕೆ ನೂರ ಎಂಬತ್ತು ನಷ್ಟವಾಯಿತು! ಸೊನ್ನೆ ತನಗಾಗಿ ಏನನ್ನೂ ಇಟ್ಟುಕೊಳ್ಳದೆ ಆ ಮನೆಯನ್ನು ಕಾಯುತ್ತಿದ್ದುದರಿಂದ ಎರಡು ಎಂಬುದು ಇನ್ನೂರಾಗಿ ನಿಂತಿತ್ತು. ಭಾನುವಾರ ಎಲ್ಲರಿಗಿಂತ ಮುಂಚೆ ಬಂದು ಬಾಗಿಲು ತೆರೆದು ಗಂಟೆ ಹೊಡೆಯುವವರು, ಬಲಿಪೀಠದ ಬಟ್ಟೆ ಒಗೆದು ಇಸ್ತ್ರಿ ಮಾಡಿ ತರುವವರು, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುತ್ತಾ ಯಾವ ಸಭೆಗೂ ಬರಲಾಗದ ಸೊಸೆ, ಇವರ ಹೆಸರು ಯಾವ ವರದಿಯಲ್ಲೂ ಬರುವುದಿಲ್ಲ. ಇವರನ್ನು ತೆಗೆದು ಉಳಿದ ಲೆಕ್ಕ ಬರೆದು ನೋಡಿ. ಯಾರ ಇನ್ನೂರು ಯಾರಿಂದ ನಿಂತಿತ್ತು ಎಂಬುದು ಆಗ ತಿಳಿಯುತ್ತದೆ.

ಮೂರನೆಯದು, ಮತ್ತು ಇಲ್ಲಿ ಮುಖ್ಯವಾದದ್ದು, ಬಿಡಿಯ ಮಾತು. ಎಲ್ಲಕ್ಕಿಂತ ಬಲಗಡೆಯ ಮನೆಗೆ ಕನ್ನಡದಲ್ಲಿ ನಾವು ಇಟ್ಟ ಹೆಸರು 'ಬಿಡಿ'. ಬಿಡಿ ಹೂವು ಎಂದರೆ ಮಾಲೆಗೆ ಸೇರದ ಹೂವು. ಬಿಡಿ ಕಾಗದ ಎಂದರೆ ಪುಸ್ತಕಕ್ಕೆ ಹೊಲಿಯದ ಕಾಗದ. ಕಟ್ಟಿಗೆ ಸೇರದೆ ಉಳಿದದ್ದು ಬಿಡಿ. ಅದೇ ಪದವನ್ನು ನಾವು ಇನ್ನೊಂದು ಅರ್ಥದಲ್ಲೂ ಆಡುತ್ತೇವೆ: "ಅಯ್ಯೋ, ಅದನ್ನು ಬಿಡಿ!" ಲೆಕ್ಕವನ್ನು ದುಂಡಗೆ ಮಾಡುವಾಗ ಮೊದಲು ಬಿಡುವುದು ಬಿಡಿಯನ್ನೇ. ೨೦೪ನ್ನು ಸಮೀಪದ ಹತ್ತಕ್ಕೆ ಅಂದಾಜಿಸಿದರೆ ೨೦೦. ನಾಲ್ಕು ಕಾಣದಾಯಿತು. ಅವು ನಾಲ್ಕು ರೂಪಾಯಿಗಳಾಗಿದ್ದರೆ ಚಿಂತೆಯಿಲ್ಲ. ನಾಲ್ಕು ಜನರಾಗಿದ್ದರೆ?

ಕಳೆದುಹೋದ ಕುರಿಯ ಸಾಮತಿಯನ್ನು ಈ ಕಣ್ಣಿನಿಂದ ಒಮ್ಮೆ ನೋಡಿ. ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡಿತು; ಉಳಿದದ್ದು ತೊಂಬತ್ತೊಂಬತ್ತು. ಅಂದಾಜು ಲೆಕ್ಕದವನಿಗೆ ತೊಂಬತ್ತೊಂಬತ್ತೂ ನೂರೇ. ಸಮೀಪದ ಹತ್ತಕ್ಕೆ ಹೊಂದಿಸಿ ಬರೆದರೆ ಸಂಜೆಯ ಪುಸ್ತಕದಲ್ಲಿ ಕುರಿ ಕಳೆದ ಸುಳಿವೇ ಇರುವುದಿಲ್ಲ. ತಮಿಳು, ಮಲಯಾಳಂಗಳಲ್ಲಿ ತೊಂಬತ್ತು ಎಂಬುದರ ಹೆಸರಿನಲ್ಲೇ 'ನೂರು' ಕೇಳಿಸುತ್ತದೆ. ಅಷ್ಟು ಹತ್ತಿರ ಬಂದ ಮೇಲೆ ಯಾರು ತಾನೇ ತಲೆಕೆಡಿಸಿಕೊಳ್ಳುತ್ತಾರೆ? ಆ ಕುರುಬನ ದೊಡ್ಡತನವನ್ನು ಕುರಿಯನ್ನು ಹೆಗಲ ಮೇಲೆ ಹೊತ್ತು ತಂದದ್ದರಲ್ಲಿ ನಾವು ಕಾಣುತ್ತೇವೆ. ಅದಕ್ಕೂ ಮೊದಲು ಅವನು ಇನ್ನೊಂದು ಕೆಲಸ ಮಾಡಿದ್ದ: ಬಿಡಿಯವರೆಗೂ ಎಣಿಸಿದ್ದ. ಎಣಿಸದವನು ಹುಡುಕಲು ಹೋಗುವುದೇ ಇಲ್ಲ.

ಈಗ ನಮ್ಮ ಮನೆಬಾಗಿಲಿಗೆ ಬರೋಣ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣ ಸಿಗುವಂತೆ ರಾಜ್ಯಗಳು ಪ್ರಯತ್ನಿಸಬೇಕು ಎಂದು ಸಂವಿಧಾನದ ೩೫೦-ಎ ವಿಧಿ ಹೇಳುತ್ತದೆ. ರಾಜ್ಯಗಳ ಪುನರ್ವಿಂಗಡಣೆಯಾದ ೧೯೫೬ರಲ್ಲೇ ಅದು ಸಂವಿಧಾನಕ್ಕೆ ಸೇರಿತು. ಅದಕ್ಕೂ ಮೊದಲು, ೧೯೪೯ರ ಆಗಸ್ಟಿನಲ್ಲಿ ನಡೆದ ಪ್ರಾಂತ್ಯಗಳ ಶಿಕ್ಷಣ ಸಚಿವರ ಸಮ್ಮೇಳನ ಒಂದು ಅಳತೆಯನ್ನು ಒಪ್ಪಿತ್ತು: ಇಡೀ ಶಾಲೆಯಲ್ಲಿ ಆ ಭಾಷೆಯ ನಲವತ್ತು ಮಕ್ಕಳು, ಇಲ್ಲವೇ ಒಂದು ತರಗತಿಯಲ್ಲಿ ಹತ್ತು ಮಕ್ಕಳು ಇದ್ದರೆ ಅವರ ನುಡಿಯಲ್ಲಿ ಕಲಿಸಲು ಒಬ್ಬ ಶಿಕ್ಷಕರನ್ನು ಕೊಡಬೇಕು. ಮುಂದೆ ಭಾಷಾ ಅಲ್ಪಸಂಖ್ಯಾತರ ರಕ್ಷಣೆಯ ಮಾತು ಬಂದಾಗಲೆಲ್ಲ ಈ ಹತ್ತು ಮತ್ತು ನಲವತ್ತರ ಲೆಕ್ಕ ಬರುತ್ತಲೇ ಇದೆ.

ಇದು ಒಳ್ಳೆಯ ನಿಯಮ. ಗಡಿಯಾಚೆಯ ಎಷ್ಟೋ ಮಕ್ಕಳಿಗೆ ಇಂಥ ನಿಯಮವೇ ಆಸರೆ. ಆದರೆ ತರಗತಿಯಲ್ಲಿ ಒಂಬತ್ತು ಮಕ್ಕಳಿದ್ದರೆ? ಹತ್ತರ ಮನೆಗೂ ಬಿಡಿಯ ಮನೆಗೂ ನಡುವಿನ ಗೆರೆ ಪುಸ್ತಕದಲ್ಲಿ ಬರೀ ಗೆರೆ. ಇಲ್ಲಿ ಅದು ಒಂದು ಮಗುವಿನ ಬಾಳಿನಲ್ಲಿ ಎಳೆದ ಗೆರೆಯಾಗುತ್ತದೆ. ಹತ್ತನೆಯ ಮಗುವಿನ ತಂದೆ ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋದರೆ, ಉಳಿದ ಒಂಬತ್ತೂ ಒಮ್ಮೆಲೇ ಬಿಡಿಯಾಗುತ್ತವೆ. ಆ ಒಂಬತ್ತರಲ್ಲಿ ಯಾವ ಮಗುವಿನ ತಾಯ್ನುಡಿಯೂ ನಿನ್ನೆಗಿಂತ ಇಂದು ಕಡಿಮೆಯಾಗಿರುವುದಿಲ್ಲ. ಮುಖಬೆಲೆ ಅಷ್ಟೇ ಇದೆ. ಸ್ಥಾನ ಮಾತ್ರ ಹೋಯಿತು. ಹತ್ತು ಎಂಬ ಸಂಖ್ಯೆಯಲ್ಲಿ ನ್ಯಾಯದ ಗುಟ್ಟೇನೂ ಇಲ್ಲ. ನಮ್ಮ ಕೈಗಳಲ್ಲಿ ಹತ್ತು ಬೆರಳುಗಳಿವೆ, ಅದರಿಂದ ನಾವು ಹತ್ತು ಹತ್ತಾಗಿ ಎಣಿಸುತ್ತೇವೆ, ಅಷ್ಟೆ.

ಸರ್ಕಾರವನ್ನು ದೂರುವುದು ಇಲ್ಲಿನ ಉದ್ದೇಶವಲ್ಲ. ಒಂದು ಮಗುವಿಗೆ ಒಬ್ಬ ಶಿಕ್ಷಕರನ್ನು ಯಾವ ಖಜಾನೆಯೂ ಕೊಡಲಾರದು. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಒಂಬತ್ತಕ್ಕೆ ಎಳೆದರೆ ಎಂಟರವರು ಹೊರಗುಳಿಯುತ್ತಾರೆ. ಆದ್ದರಿಂದ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನಿಯಮ ಕೈಬಿಟ್ಟ ಬಿಡಿಯನ್ನು ಯಾರು ಹಿಡಿದುಕೊಳ್ಳಬೇಕು? ಕಾನೂನಿಗೆ ಕನಿಷ್ಠ ಸಂಖ್ಯೆ ಬೇಕು, ನೆರೆಹೊರೆಗೆ ಬೇಡ. ಕಚೇರಿಗೆ ಹತ್ತು ಬೇಕು. ಅಜ್ಜಿಗೆ ಒಂದು ಮೊಮ್ಮಗು ಸಾಕು. ಆ ಒಂಬತ್ತು ಮಕ್ಕಳಿಗೆ ಶನಿವಾರ ಸಂಜೆ ದೇವಾಲಯದ ಜಗಲಿಯಲ್ಲಿ ಕಾಗುಣಿತ ಹೇಳಿಕೊಡಲು, ೧ರಿಂದ ೧೦೦ರವರೆಗೆ ಕನ್ನಡದ ಅಂಕಿಗಳನ್ನು ಬರೆಸಲು, ನಿವೃತ್ತರಾದ ಒಬ್ಬ ಟೀಚರಮ್ಮ ಸಾಕು. ಅದಕ್ಕೆ ಯಾರ ಆದೇಶವೂ ಬೇಕಿಲ್ಲ.

ಇದೇ ಅಳತೆಯನ್ನು ನಮ್ಮ ಕಡೆಗೂ ತಿರುಗಿಸಿಕೊಳ್ಳಬೇಕು. ಹಲವು ನುಡಿಗಳ ಧರ್ಮಪ್ರಾಂತ್ಯದಲ್ಲಿ ನಾವು ಕನ್ನಡಿಗರು ಚಿಕ್ಕ ಸಂಖ್ಯೆಯವರು. ಕನ್ನಡದ ಬಲಿಪೂಜೆಗೆ, ಕನ್ನಡದ ಹಾಡಿಗೆ ಸಮಯ ಕೇಳುವಾಗ "ನೀವು ಎಷ್ಟು ಮನೆಯವರಿದ್ದೀರಿ?" ಎಂಬ ಪ್ರಶ್ನೆ ನಮಗೆ ಚುಚ್ಚುತ್ತದೆ. ಆದರೆ ನಮ್ಮ ನಡುವೆಯೇ ನಮಗಿಂತ ಚಿಕ್ಕ ಸಂಖ್ಯೆಯವರು ಇರುತ್ತಾರೆ. ದೂರದ ಜಾರ್ಖಂಡಿನಿಂದ ದುಡಿಯಲು ಬಂದು ಕೊನೆಯ ಬೆಂಚಿನಲ್ಲಿ ಕುಳಿತು, ಅರ್ಥವಾಗದ ಭಾಷೆಯ ಪೂಜೆಯಲ್ಲಿ ಮೊಣಕಾಲೂರುವ ಇಬ್ಬರು ಹುಡುಗರನ್ನು ನಾವು ಯಾವ ಮನೆಯಲ್ಲಿ ಬರೆದಿದ್ದೇವೆ? ನಾವು ಬಿಡಿಯಾದರೆ ಅವರು ದಶಮಾಂಶದ ಚುಕ್ಕೆಯಿಂದ ಆಚೆಯವರೇ? ತನ್ನನ್ನು ಬಿಟ್ಟರೆಂದು ನೊಂದವನೇ ಇನ್ನೊಬ್ಬನನ್ನು ಬಿಟ್ಟರೆ ಅವನ ನೋವಿಗೆ ನ್ಯಾಯದ ಬಲ ಉಳಿಯುವುದಿಲ್ಲ.

ಹಾಗಾದರೆ ಅಂದಾಜು ಲೆಕ್ಕವೇ ತಪ್ಪೇ? ಇಲ್ಲ. ಹಬ್ಬದ ಊಟಕ್ಕೆ ಅಕ್ಕಿ ಎಷ್ಟು ಎಂದು ಕೇಳಿದರೆ ಯಾರೂ ತಲೆ ಎಣಿಸುತ್ತಾ ಕೂರುವುದಿಲ್ಲ. ಆದರೆ ಅಡುಗೆಯವರನ್ನು ಗಮನಿಸಿ. ೨೦೪ ಜನ ಬರುತ್ತಾರೆಂದರೆ ಅವರು ೨೦೦ ಎಲೆಗೆ ಅಡುಗೆ ಮಾಡುವುದಿಲ್ಲ. ೨೨೦ ಎಲೆಗೆ ಮಾಡುತ್ತಾರೆ. ಗಣಿತದ ನಿಯಮ ಕೆಳಕ್ಕೆ ಹೊಂದಿಸು ಎಂದರೂ ಅತಿಥಿ ಧರ್ಮ ಮೇಲಕ್ಕೆ ಹೊಂದಿಸುತ್ತದೆ. ನನಗೆ ತೋರುವ ಸೂತ್ರ ಇಷ್ಟೆ: ವಸ್ತುವನ್ನು ಅಂದಾಜಿಸಬಹುದು, ಮನುಷ್ಯರನ್ನು ಅಂದಾಜಿಸಬಾರದು, ಅಂದಾಜಿಸಲೇಬೇಕಾಗಿ ಬಂದರೆ ಒಂದು ಎಲೆ ಹೆಚ್ಚಿಗೆ ಹಾಕಬೇಕು.

ಕೊನೆಯದಾಗಿ, ಕಳೆಯುವ ಲೆಕ್ಕವನ್ನು ನೆನಪಿಸಿಕೊಳ್ಳಿ. ೩೦೨ರಿಂದ ಐದನ್ನು ಕೊಡಬೇಕಾಗಿದೆ. ಬಿಡಿಯ ಮನೆಯಲ್ಲಿ ಇರುವುದು ಎರಡೇ. ಪಕ್ಕದ ಹತ್ತರ ಮನೆಯನ್ನು ಕೇಳಿದರೆ ಅಲ್ಲಿ ಸೊನ್ನೆ. ಆಗ ನೂರರ ಮನೆಯ ಒಂದು ಕಟ್ಟು ತನ್ನನ್ನು ತಾನೇ ಬಿಚ್ಚಿಕೊಂಡು ಹತ್ತು ಹತ್ತುಗಳಾಗಿ ಇಳಿಯುತ್ತದೆ. ಅದರಲ್ಲಿ ಒಂದು ಹತ್ತು ಮತ್ತೆ ಬಿಚ್ಚಿ ಹತ್ತು ಬಿಡಿಗಳಾಗಿ ಕೊನೆಯ ಮನೆಗೆ ಬರುತ್ತದೆ. ಈಗ ಇನ್ನೂರು, ತೊಂಬತ್ತು ಮತ್ತು ಹನ್ನೆರಡು. ಕೂಡಿ ನೋಡಿ, ಅದೇ ಮುನ್ನೂರ ಎರಡು. ಇಳಿದು ಬಂದದ್ದರಿಂದ ಒಂದು ಕಾಳೂ ನಷ್ಟವಾಗಿಲ್ಲ. ಐದನ್ನು ಕೊಟ್ಟಾಯಿತು, ೨೯೭ ಉಳಿಯಿತು. ಮೇಲಿನ ಮನೆಯವರಿಗೆ ಹೆಚ್ಚಿನ ಬೆಲೆ ಕೊಟ್ಟಿರುವುದು ಏಕೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಕೆಳಗಿನ ಮನೆಯಲ್ಲಿ ಕೊರತೆ ಬಂದಾಗ ಬಿಚ್ಚಿಕೊಂಡು ಇಳಿಯಲು ಅವರಲ್ಲಿ ಏನಾದರೂ ಇರಬೇಕಲ್ಲ, ಅದಕ್ಕೆ. ಮೇಲಿದ್ದವರು ತಮ್ಮನ್ನು ಬರಿದುಮಾಡಿಕೊಂಡು ನಮ್ಮ ಸಾಲಿಗೆ ಇಳಿದು ಬಂದ ಕಥೆ ನಮಗೆ ಹೊಸದಲ್ಲ.

ವರ್ಷಾಂತ್ಯಕ್ಕೆ ಪ್ರತಿ ಧರ್ಮಕೇಂದ್ರದಲ್ಲೂ ಕುಟುಂಬಗಳ ಪಟ್ಟಿ ಸಿದ್ಧವಾಗುತ್ತದೆ. ಈ ಸಲ ಅದನ್ನು ಬರೆಯುವವರಲ್ಲಿ ಒಂದು ವಿನಂತಿ. 'ಸುಮಾರು' ಎಂದು ಬರೆಯಬೇಡಿ. ಬಾಡಿಗೆ ಕೋಣೆಯ ಹುಡುಗರನ್ನೂ, ಊರಾಚೆಯ ಒಂಟಿ ಮನೆಯ ಅಜ್ಜಿಯನ್ನೂ ಕೇಳಿ ಬನ್ನಿ. ಕೊನೆಯ ಅಂಕಿ ಏನೇ ಇರಲಿ, ಒಂದೋ, ಏಳೋ, ಒಂಬತ್ತೋ, ಅದನ್ನು ಹಾಗೆಯೇ ಬರೆಯಿರಿ. ಆ ಬಿಡಿಯ ಮನೆಯಲ್ಲಿ ಇರುವವರ ಹೆಸರು ನಮಗೆ ಗೊತ್ತಿರಲಿ.